ಕಾಂಟ್ರಾಕ್ಟರ್ ಕೆಲಸ ಬಿಟ್ಟು ಹೋದಾಗ: ಬೇರೆ ಮೇಸ್ತ್ರಿಯನ್ನು ಕರೆಯುವ ಮೊದಲು ಮಾಡಬೇಕಾದದ್ದು



ಕರಾರು ಪಾಲನೆಯ ಬಗ್ಗೆ ಜುಮಾ ಖುತ್ಬಾದಲ್ಲಿ ಮಾತಾಡಿದಾಗಲೆಲ್ಲ, ನಮಾಝ್ ಮುಗಿದ ಮೇಲೆ ನಮ್ಮ ಬಳಿ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ ಬಗೆಯದು. "ಹಜ್ರತ್, ಮನೆ ಕಟ್ಟುವವನು ದುಡ್ಡು ತೆಗೆದುಕೊಂಡು ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ. ಫೋನ್ ಎತ್ತುತ್ತಿಲ್ಲ. ಠಾಣೆಗೆ ಹೋಗೋಣವೇ, ಇಲ್ಲ ಬೇರೆ ಮೇಸ್ತ್ರಿಯನ್ನು ಕರೆದು ಮುಗಿಸಿಬಿಡೋಣವೇ?"

ದೊಡ್ಡನೆಕ್ಕುಂದಿಯಲ್ಲಿ ಇದು ಅಪರೂಪದ ಕಷ್ಟವಲ್ಲ. ಹೊರವರ್ತುಲ ರಸ್ತೆಯಿಂದ ಒಳಗೆ ಯಾವ ಅಡ್ಡರಸ್ತೆಗೆ ಹೊಕ್ಕರೂ ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ಸೈಟುಗಳಲ್ಲಿ ಕೆಲಸ ನಡೆಯುತ್ತಿರುತ್ತದೆ. ಕೆಲವು ಕಡೆ ಮೋಲ್ಡ್ ಹಾಕಿದ ಮೇಲೆ ಏನೂ ನಡೆದಿರುವುದಿಲ್ಲ. ಕಾಲಂ ಕಂಬಿಗಳು ಮಳೆಗೆ ತುಕ್ಕು ಹಿಡಿದು ನಿಂತಿರುತ್ತವೆ. ಆ ಕಂಬಿಗಳ ಹಿಂದೆ ಒಂದು ಕುಟುಂಬದ ಹತ್ತು ಹದಿನೈದು ವರ್ಷಗಳ ಉಳಿತಾಯ ಇರುತ್ತದೆ. ಕೊಲ್ಲಿಯಲ್ಲಿ ದುಡಿದ ಹಣ, ಮಾರಿದ ಒಡವೆ, ಬಂಧುಗಳಿಂದ ತಂದ ಕೈಗಡ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಒಂದು ಕಡೆ ಬಾಡಿಗೆ ಕಟ್ಟುತ್ತಾ ಇನ್ನೊಂದು ಕಡೆ ಸಾಲ ತೀರಿಸುವ ಮನೆಯವರಿಗೆ ಒಂದೊಂದು ತಿಂಗಳೂ ಭಾರ.

ಅವರ ಪ್ರಶ್ನೆಗೆ ನಮ್ಮ ಉತ್ತರ ಚಿಕ್ಕದು. ಠಾಣೆಯೂ ಮೊದಲಲ್ಲ, ಬೇರೆ ಮೇಸ್ತ್ರಿಯೂ ಮೊದಲಲ್ಲ. ಮೊದಲು ಅಳತೆ, ಆಮೇಲೆ ಲಿಖಿತ ನೋಟಿಸ್, ಆಮೇಲೆ ಗ್ರಾಹಕ ಆಯೋಗ. ಈ ಕ್ರಮ ತಪ್ಪಿದವರು ನ್ಯಾಯ ತಮ್ಮ ಕಡೆ ಇದ್ದರೂ ಹಣ ಕಳೆದುಕೊಳ್ಳುತ್ತಾರೆ. ಒಂದೊಂದಾಗಿ ವಿವರಿಸುತ್ತೇವೆ.

ಮೊದಲು ಅಳತೆ

ಕೆಲಸ ನಿಂತ ಜಾಗ ನಿಮ್ಮ ಸಾಕ್ಷಿ. ಹೊಸ ಮೇಸ್ತ್ರಿ ಬಂದು ಒಂದು ಗೋಡೆ ಎಬ್ಬಿಸಿದ ದಿನವೇ ಹಳೆಯವನು ಎಷ್ಟು ಮಾಡಿದ್ದ, ಹೊಸಬ ಎಷ್ಟು ಮಾಡಿದ ಎಂಬುದು ಕಲಸಿಹೋಗುತ್ತದೆ. ಮುಂದೆ ನ್ಯಾಯಾಧೀಶರ ಎದುರು ಹಳೆಯ ಕಾಂಟ್ರಾಕ್ಟರ್ "ಪ್ಲಾಸ್ಟರಿಂಗ್ ಕೂಡ ನಾನೇ ಮಾಡಿದ್ದು" ಎಂದರೆ ಅಲ್ಲವೆಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರರನ್ನು ಕರೆಸಿ. ತಳಪಾಯ, ಕಾಲಂ, ಮೋಲ್ಡ್, ಗೋಡೆ, ವೈರಿಂಗ್ ಪೈಪು ಹೀಗೆ ಒಂದೊಂದೂ ಎಷ್ಟಾಗಿದೆ, ಗುಣಮಟ್ಟ ಹೇಗಿದೆ, ಆದ ಕೆಲಸದ ಬೆಲೆ ಎಷ್ಟು, ಉಳಿದದ್ದು ಮುಗಿಸಲು ಎಷ್ಟು ಬೇಕು ಎಂದು ಸಹಿ, ಮೊಹರು, ದಿನಾಂಕದೊಂದಿಗೆ ವರದಿ ಬರೆಸಿಕೊಳ್ಳಿ. ಫೋಟೋ ಮತ್ತು ವಿಡಿಯೋ ತೆಗೆಯಿರಿ. ಸೈಟಿನಲ್ಲಿ ಉಳಿದಿರುವ ಸಿಮೆಂಟ್ ಮೂಟೆ, ಕಂಬಿ, ಜಲ್ಲಿ, ಸೆಂಟ್ರಿಂಗ್ ಶೀಟುಗಳ ಪಟ್ಟಿ ಮಾಡಿ, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ. ಬ್ಯಾಂಕ್ ಸಾಲ ಇದ್ದರೆ, ಕಂತು ಬಿಡುಗಡೆಗೆ ಮುನ್ನ ಬ್ಯಾಂಕಿನ ಎಂಜಿನಿಯರ್ ಕೊಟ್ಟ ವರದಿಯ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ಕಟ್ಟಡಕ್ಕೆ ಹಾನಿ ಹೆಚ್ಚದಂತೆ ನೋಡಿಕೊಳ್ಳುವುದೂ ನಿಮ್ಮ ಹೊಣೆ. ಈಗಷ್ಟೇ ಮೋಲ್ಡ್ ಹಾಕಿದ್ದರೆ ನೀರುಣಿಸುವುದನ್ನು ನಿಲ್ಲಿಸಬೇಡಿ. ಎಂಜಿನಿಯರ್ ಹೇಳದೆ ಆಧಾರದ ಕಂಬಗಳನ್ನು ತೆಗೆಸಬೇಡಿ. ತೆರೆದಿರುವ ಕಂಬಿಗಳನ್ನು ತುಕ್ಕಿನಿಂದ ಕಾಪಾಡುವ ಬಗೆ ಕೇಳಿ ಮಾಡಿಸಿ. ನಷ್ಟ ಲೆಕ್ಕ ಹಾಕುವಾಗ, ಅದನ್ನು ಕಡಿಮೆ ಮಾಡಲು ನಿಮಗಿದ್ದ ದಾರಿಯನ್ನೂ ನೋಡಬೇಕು ಎಂದು 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಹೇಳುತ್ತದೆ. ಕೈಕಟ್ಟಿ ಕುಳಿತು ಹಾಳಾಗಲು ಬಿಟ್ಟರೆ ಆ ನಷ್ಟ ನಿಮ್ಮ ಲೆಕ್ಕಕ್ಕೇ ಬೀಳಬಹುದು.

ಹಣ ಕೊಟ್ಟ ದಾಖಲೆಗಳನ್ನೂ ಈಗಲೇ ಒಟ್ಟುಮಾಡಿ. ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಖಾತೆಯ ಸ್ಟೇಟ್‌ಮೆಂಟ್ ಸಾಕು. ನಗದು ಕೊಟ್ಟಿದ್ದರೆ ಆ ದಿನ ಬ್ಯಾಂಕಿನಿಂದ ತೆಗೆದ ಹಣದ ವಿವರ, ಕೊಡುವಾಗ ಇದ್ದವರ ಹೆಸರು, ವಾಟ್ಸಾಪ್ ಮಾತುಕತೆ ಹುಡುಕಿ. ಫೋನು ಬದಲಾಯಿಸುವಾಗ ಆ ಮಾತುಕತೆ ಅಳಿಸಿಹೋಗದಂತೆ ಎಚ್ಚರ ವಹಿಸಿ. ಇಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಸೇರಿಸಬೇಕು. ಅದರ ನಮೂನೆ ಕಾಯ್ದೆಯಲ್ಲೇ ಇದೆ.

ಒಪ್ಪಂದ ಪತ್ರವೇ ಇಲ್ಲದಿದ್ದರೆ? ಎದೆಗುಂದಬೇಡಿ. ಬಾಯಿಮಾತಿನ ಕರಾರೂ ಕಾನೂನಿನ ಕಣ್ಣಿಗೆ ಕರಾರೇ. ಆದರೆ ಅದನ್ನು ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಕೊಟೇಶನ್, ಸಂದೇಶ, ಹಣ ಹೋದ ದಾಖಲೆ ಇವುಗಳೇ ಆಗ ಒಪ್ಪಂದದ ಜಾಗದಲ್ಲಿ ನಿಲ್ಲುತ್ತವೆ.

ಮೂವತ್ತು ದಿನಗಳ ನೋಟಿಸ್

ಬಹಳ ಜನರಿಗೆ ಗೊತ್ತಿಲ್ಲದ ಒಂದು ಕಾನೂನು ಇಲ್ಲಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ, ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರ 20ನೇ ಕಲಮಿನ ಪ್ರಕಾರ, ಕರಾರು ಮುರಿದವನ ಕೆಲಸವನ್ನು ನೀವು ಬೇರೆಯವರಿಂದ ಮಾಡಿಸಿ, ತಗುಲಿದ ಖರ್ಚನ್ನು ಮುರಿದವನಿಂದಲೇ ವಸೂಲಿ ಮಾಡಬಹುದು. ಇದಕ್ಕೊಂದು ಷರತ್ತಿದೆ. ಮೊದಲು ಕನಿಷ್ಠ 30 ದಿನಗಳ ಲಿಖಿತ ನೋಟಿಸ್ ಕೊಟ್ಟಿರಬೇಕು. ಆ ಅವಧಿಯಲ್ಲಿ ಅವನು ಕೆಲಸ ಮಾಡಲು ನಿರಾಕರಿಸಿದರೆ ಅಥವಾ ಬರದಿದ್ದರೆ ಮಾತ್ರ ಈ ಹಕ್ಕು ನಿಮ್ಮದಾಗುತ್ತದೆ. ಅವಸರದಲ್ಲಿ ಮರುವಾರವೇ ಬೇರೆ ಮೇಸ್ತ್ರಿಯನ್ನು ಕರೆದವರು ತಮ್ಮ ಸಾಕ್ಷಿಯ ಜೊತೆ ಈ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ನೋಟಿಸಿಗೆ ವಕೀಲರೇ ಬೇಕೆಂದಿಲ್ಲ. ಸರಳ ಕನ್ನಡದಲ್ಲಿ ನೀವೇ ಬರೆಯಬಹುದು. ಯಾವ ದಿನ ಒಪ್ಪಂದವಾಯಿತು, ಒಟ್ಟು ಎಷ್ಟಕ್ಕೆ, ಯಾವ ಯಾವ ದಿನ ಎಷ್ಟು ಕೊಟ್ಟಿರಿ, ಯಾವ ದಿನ ಕೆಲಸ ನಿಂತಿತು, ಎಷ್ಟು ಬಾಕಿ ಇದೆ ಎಂಬುದಿರಲಿ. ಕೊನೆಗೆ, 30 ದಿನಗಳೊಳಗೆ ಕೆಲಸ ಮುಂದುವರಿಸದಿದ್ದರೆ ಬೇರೆಯವರಿಂದ ಮುಗಿಸಿ ಖರ್ಚು ವಸೂಲಿ ಮಾಡುವಿರೆಂದು ಸ್ಪಷ್ಟವಾಗಿ ಹೇಳಿ. ಬೈಗುಳ, ಬೆದರಿಕೆ, ಶಾಪ ಯಾವುದೂ ಬೇಡ. ಆ ಕಾಗದವನ್ನು ನಾಳೆ ನ್ಯಾಯಾಧೀಶರು ಓದುತ್ತಾರೆ. ಅಂಚೆಯಲ್ಲಿ ತಲುಪಿದ ಪುರಾವೆ ಸಿಗುವಂತೆ ಕಳಿಸಿ, ಅದೇ ಪ್ರತಿಯನ್ನು ವಾಟ್ಸಾಪ್ ಮತ್ತು ಇಮೇಲ್‌ಗೂ ಹಾಕಿ. "ಬಾಗಿಲು ಹಾಕಿದೆ", "ನಿರಾಕರಿಸಿದ್ದಾರೆ" ಎಂದು ಷರಾ ಬರೆದು ಲಕೋಟೆ ವಾಪಸ್ ಬಂದರೆ ಒಡೆಯದೆ ಹಾಗೆಯೇ ಇಡಿ. ಅದೂ ದಾಖಲೆ.

ಎಷ್ಟು ಕೇಳಬಹುದು?

ಒಂದು ಉದಾಹರಣೆ ನೋಡೋಣ. 20 ಚದರದ ಮನೆಗೆ ಸಾಮಾನು ಸಹಿತ 40 ಲಕ್ಷ ರೂಪಾಯಿಗೆ ಒಪ್ಪಂದವಾಗಿದೆ ಎಂದುಕೊಳ್ಳಿ. ನೀವು 24 ಲಕ್ಷ ಕೊಟ್ಟಿದ್ದೀರಿ. ಎಂಜಿನಿಯರ್ ಅಳೆದಾಗ ಆದ ಕೆಲಸ 15 ಲಕ್ಷದ್ದು. ಅಂದರೆ 9 ಲಕ್ಷ ಕೆಲಸವಿಲ್ಲದೆ ಅವನ ಬಳಿ ಉಳಿದಿದೆ. ಬಾಕಿ ಕೆಲಸ ಹಳೆಯ ದರದಲ್ಲಿ 25 ಲಕ್ಷದ್ದು, ಹೊಸ ಕಾಂಟ್ರಾಕ್ಟರ್ 29 ಲಕ್ಷ ಕೇಳುತ್ತಾನೆ. ಹೆಚ್ಚಾದ 4 ಲಕ್ಷವೂ ಹಳೆಯವನಿಂದಾದ ನಷ್ಟವೇ. ಎರಡೂ ಸೇರಿ 13 ಲಕ್ಷ. ಇದರ ಮೇಲೆ, ಮನೆ ಮುಗಿಯಬೇಕಿದ್ದ ದಿನದಿಂದ ತಿಂಗಳಿಗೆ 18,000ದಂತೆ 8 ತಿಂಗಳು ಕಟ್ಟಿದ ಬಾಡಿಗೆ 1,44,000. ಒಟ್ಟು 14,44,000 ರೂಪಾಯಿ. ಪ್ರತಿ ಸಾಲಿಗೂ ಒಂದು ಕಾಗದ ಜೋಡಿಸಿದರೆ ನಿಮ್ಮ ದೂರು ಗಟ್ಟಿಯಾಗುತ್ತದೆ.

"ಕೊಟ್ಟ 24 ಲಕ್ಷವೂ ವಾಪಸ್ ಬೇಕು, ಕಟ್ಟಿದ್ದೂ ನನಗೇ ಇರಲಿ" ಎನ್ನುವುದು ನ್ಯಾಯವಲ್ಲ. ಹಾಗೆ ಕೇಳಿದರೆ ನಿಮ್ಮ ಬೇರೆ ಮಾತುಗಳ ಮೇಲಿನ ನಂಬಿಕೆಯೂ ಕುಗ್ಗುತ್ತದೆ. ಎದುರಿನವನು ಅನ್ಯಾಯ ಮಾಡಿದ್ದಾನೆ ಎಂಬುದು ನಾವು ಹೆಚ್ಚು ಕೇಳಲು ಪರವಾನಗಿಯಲ್ಲ.

ಇಲ್ಲಿ ಕೆಲವರು ಕೇಳುವ ಇನ್ನೊಂದು ಪ್ರಶ್ನೆ: ಆಯೋಗ ಬಡ್ಡಿ ಸೇರಿಸಿ ಕೊಡಿಸಿದರೆ ಏನು ಮಾಡಬೇಕು? ದೂರಿನಲ್ಲಿ ಬಡ್ಡಿ ಕೇಳುವ ಬದಲು ಮೇಲೆ ಹೇಳಿದಂತೆ ಬಾಡಿಗೆ, ದರದ ಏರಿಕೆ, ಎಂಜಿನಿಯರ್ ಶುಲ್ಕ, ದೂರಿನ ಖರ್ಚು ಹೀಗೆ ನಿಜವಾಗಿ ಆದ ನಷ್ಟವನ್ನೇ ರಸೀದಿ ಸಹಿತ ಪರಿಹಾರವಾಗಿ ಕೇಳಿ ಎಂಬುದು ನಮ್ಮ ಸಲಹೆ. ಆಮೇಲೂ ಆದೇಶದಲ್ಲಿ ಬಡ್ಡಿ ಬಂದರೆ ನೀವು ನಂಬುವ ಆಲಿಮರ ಬಳಿ ಆ ಆದೇಶವನ್ನು ತೋರಿಸಿ ಕೇಳಿ.

ಗ್ರಾಹಕ ಆಯೋಗದ ಬಾಗಿಲು

ಮನೆ ಕಟ್ಟಿಕೊಡುವುದು "ಸೇವೆ"ಯೇ ಎಂಬ ವಾದ ಒಂದು ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಪ್ರಕರಣದಲ್ಲಿ 1993ರ ನವೆಂಬರ್ 5ರಂದು ಬಂದ ತೀರ್ಪು ಅದು ಸೇವೆಯೇ ಎಂದಿತು. ಅದೇ ವರ್ಷ "ವಸತಿ ನಿರ್ಮಾಣ" ಎಂಬ ಮಾತು ಕಾಯ್ದೆಯೊಳಗೇ ಸೇರಿತು. ಈಗಿನ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲೂ ಅದು ಹಾಗೆಯೇ ಇದೆ. ಹಣ ಪಡೆದು ಕೆಲಸ ಬಿಟ್ಟು ಹೋಗುವುದು ಈ ಕಾಯ್ದೆಯ ಭಾಷೆಯಲ್ಲಿ ಸೇವಾ ನ್ಯೂನತೆ.

ಈ ಬಾಗಿಲನ್ನು ನಾವು ಮೊದಲು ತೋರಿಸುವುದಕ್ಕೆ ಕಾರಣಗಳಿವೆ. ಒಂದು, ನೀವು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಕಾಂಟ್ರಾಕ್ಟರ್ ಹೊಸೂರಿನವನಿರಲಿ, ಕೋಲಾರದವನಿರಲಿ, ದೊಡ್ಡನೆಕ್ಕುಂದಿಯ ನಿವಾಸಿ ಬೆಂಗಳೂರಿನ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಎರಡು, ವಕೀಲರಿಲ್ಲದೆ ನೀವೇ ವಾದಿಸಬಹುದು. ಮೂರು, ಶುಲ್ಕ ಕಡಿಮೆ. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಮೇಲಿನ ಉದಾಹರಣೆಯವರು 14 ಲಕ್ಷದ ದಾವೆಗೆ ಕಟ್ಟಬೇಕಾದದ್ದು 1,000 ರೂಪಾಯಿ ಮಾತ್ರ. ನಾಲ್ಕು, ಈಗ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗಲು ಕೂಡ ಕಾಯ್ದೆ ಅವಕಾಶ ಕೊಟ್ಟಿದೆ.

ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. ಅದರಿಂದ 2 ಕೋಟಿಯವರೆಗೆ ರಾಜ್ಯ ಆಯೋಗ. ಅದಕ್ಕೂ ಮೇಲಿದ್ದರೆ ದೆಹಲಿಯ ರಾಷ್ಟ್ರೀಯ ಆಯೋಗ. ನೀವು ಕೇಳುವ ಪರಿಹಾರ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಸೇವೆಗೆ ಕೊಟ್ಟ ಹಣವೇ ಅಳತೆಗೋಲು. 2025ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ಎತ್ತಿಹಿಡಿದಿದೆ.

ಆಯೋಗ ದೂರನ್ನು ಸ್ವೀಕರಿಸಿ ಎದುರಿನವನಿಗೆ ನೋಟಿಸ್ ಕಳಿಸುತ್ತದೆ. ಉತ್ತರ ಕೊಡಲು ಅವನಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚಿಲ್ಲ. ಬಾರದಿದ್ದರೆ ನಿಮ್ಮ ದಾಖಲೆಗಳ ಮೇಲೆಯೇ ಏಕಪಕ್ಷೀಯವಾಗಿ ತೀರ್ಮಾನಿಸಬಹುದು. ಮೂರರಿಂದ ಐದು ತಿಂಗಳಲ್ಲಿ ಇತ್ಯರ್ಥ ಮಾಡಬೇಕೆಂದು ಕಾಯ್ದೆ ಹೇಳುತ್ತದಾದರೂ ನಿಜದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ತಾಳ್ಮೆ ಬೇಕು, ಪ್ರತಿ ದಿನಾಂಕಕ್ಕೂ ಹಾಜರಾಗಬೇಕು.

ಆದೇಶ ಬಂದ ಮೇಲೂ ಹಣ ಕೊಡದಿದ್ದರೆ? ಕಾಯ್ದೆಯ 71ನೇ ಕಲಮಿನಡಿ ಅದನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು, ಆಸ್ತಿ ಜಪ್ತಿಯವರೆಗೆ ಹೋಗಬಹುದು. 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಜಿಲ್ಲಾ ಆಯೋಗದ ಆದೇಶದ ಮೇಲೆ ಅವನು 45 ದಿನಗಳಲ್ಲಿ ಮೇಲ್ಮನವಿ ಹಾಕಬಹುದು, ಆದರೆ ಆದೇಶದ ಮೊತ್ತದ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕು.

ಚದರಡಿಗೆ ಇಷ್ಟೆಂದು ಪ್ಯಾಕೇಜ್ ದರದಲ್ಲಿ ಮನೆ ಕಟ್ಟಿಕೊಡುವ ಕಂಪೆನಿಗಳ ಅಚ್ಚಿನ ಒಪ್ಪಂದದಲ್ಲಿ "ವಿವಾದವನ್ನು ಮಧ್ಯಸ್ಥಗಾರರಿಗೇ ಒಪ್ಪಿಸಬೇಕು" ಎಂಬ ಸಾಲು ಇರುವುದುಂಟು. ಅದನ್ನು ನೋಡಿ ಹಿಂಜರಿಯಬೇಡಿ. ಅಂಥ ಸಾಲಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು ಎಮ್ಮಾರ್ ಎಂಜಿಎಫ್ ಮತ್ತು ಆಫ್ತಾಬ್ ಸಿಂಗ್ ಪ್ರಕರಣದಲ್ಲಿ 2018ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟಿನಲ್ಲಿ ನಿರ್ಣಯವಾಗಿದೆ.

ಎರಡು ವರ್ಷದ ಗಡುವು

ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಕಾಲ ಎರಡು ವರ್ಷ. 2025ರ ಮಾರ್ಚ್ 10ಕ್ಕೆ ಕೆಲಸ ನಿಂತಿದ್ದರೆ 2027ರ ಮಾರ್ಚ್ 10ರೊಳಗೆ ದೂರು ಸಲ್ಲಿಕೆಯಾಗಿರಬೇಕು. ತಡವಾದರೆ ಒಪ್ಪುವಂಥ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅದನ್ನು ನಂಬಿ ಕೂರುವಂತಿಲ್ಲ. "ಬರುತ್ತೇನೆ ಭಾಯಿ, ಹಬ್ಬ ಕಳೆಯಲಿ", "ಇನ್ನೊಂದು ಸೈಟಿನ ದುಡ್ಡು ಬರಲಿ" ಎಂದು ಅವನು ಹೇಳುತ್ತಾ ಹೋದಂತೆ ನಿಮ್ಮ ಗಡುವು ಕರಗುತ್ತಾ ಹೋಗುತ್ತದೆ.

ಯಾರಿಗೆ ಈ ಬಾಗಿಲು ತೆರೆಯುವುದಿಲ್ಲ?

ದಿನಗೂಲಿಗೆ ನೀವೇ ಗಾರೆಯವರನ್ನು ಕರೆದು, ನೀವೇ ನಿಂತು ಹೇಳಿ ಮಾಡಿಸಿದ ಕೆಲಸ ಈ ಕಾಯ್ದೆಯ ಸೇವೆಗೆ ಸೇರುವುದಿಲ್ಲ. ಒಂದು ಕೆಲಸವನ್ನು ಇಷ್ಟಕ್ಕೆ ಮುಗಿಸಿಕೊಡುತ್ತೇನೆಂದು ಒಪ್ಪಿಕೊಂಡವನ ಮೇಲೆ ಮಾತ್ರ ದೂರು ನಡೆಯುತ್ತದೆ.

ಎರಡನೆಯದಾಗಿ, ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಗ್ರಾಹಕ ಕಾಯ್ದೆ ಅನ್ವಯಿಸದು. ನಮ್ಮ ಕಡೆ ಪಿಜಿ ನಡೆಸಲೆಂದೇ ನಾಲ್ಕಂತಸ್ತು ಕಟ್ಟುವವರಿದ್ದಾರೆ. ಅಂಥ ಕಟ್ಟಡದ ವಿಷಯದಲ್ಲಿ ಎದುರಿನವನು ಈ ಆಕ್ಷೇಪ ಎತ್ತುವುದು ಖಂಡಿತ. ಮುಖ್ಯ ಉದ್ದೇಶ ಏನೆಂಬುದನ್ನು ನೋಡಬೇಕು ಎಂದು ಮುಂಬೈಯ ಲೀಲಾವತಿ ಆಸ್ಪತ್ರೆಯ ಟ್ರಸ್ಟಿನ ಪ್ರಕರಣದಲ್ಲಿ 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ದಾದಿಯರ ವಾಸಕ್ಕೆಂದು ಫ್ಲ್ಯಾಟ್ ಕೊಂಡಿದ್ದ ಆ ಟ್ರಸ್ಟನ್ನು ಗ್ರಾಹಕನೆಂದೇ ಒಪ್ಪಲಾಯಿತು. ಸ್ವಂತ ವಾಸಕ್ಕೆ ಕಟ್ಟಿ ಮೇಲಿನ ಒಂದು ಮಹಡಿಯನ್ನು ಬಾಡಿಗೆಗೆ ಕೊಡುವವರು ಅಂಜಬೇಕಿಲ್ಲ. ಪೂರ್ಣ ಪಿಜಿ ಕಟ್ಟಡದವರು ಸಿವಿಲ್ ನ್ಯಾಯಾಲಯದ ದಾರಿಯನ್ನೇ ಯೋಚಿಸುವುದು ಒಳ್ಳೆಯದು.

ರೇರಾಗೆ ಹೋಗಬಹುದೇ ಎಂದೂ ಕೇಳುತ್ತಾರೆ. ಫ್ಲ್ಯಾಟು, ಲೇಔಟು ಮಾಡಿ ಮಾರುವವರ ಮೇಲಿನ ಕಾಯ್ದೆ ಅದು. ನಿಮ್ಮ ಸ್ವಂತ ಸೈಟಿನಲ್ಲಿ ನಿಮಗಾಗಿ ಮನೆ ಕಟ್ಟುವ ಕಾಂಟ್ರಾಕ್ಟರ್ ಅದರ ವ್ಯಾಪ್ತಿಗೆ ಬರುವುದಿಲ್ಲ.

ನಿಮ್ಮದೇ ತಪ್ಪಿದ್ದರೂ ದೂರು ನಿಲ್ಲುವುದು ಕಷ್ಟ. ಹಂತದ ಹಣ ಹೊತ್ತಿಗೆ ಕೊಡದಿದ್ದರೆ, ನಕ್ಷೆ ಪದೇ ಪದೇ ಬದಲಾಯಿಸಿದ್ದರೆ, ಮಂಜೂರಾತಿಗಿಂತ ಹೆಚ್ಚಿನ ಅಂತಸ್ತು ಎಬ್ಬಿಸಿ ಪಾಲಿಕೆಯವರು ಕೆಲಸ ನಿಲ್ಲಿಸಿದ್ದರೆ, ಕಾಂಟ್ರಾಕ್ಟರ್ ಓಡಿಹೋದನೆಂದು ಹೇಳುವ ಮೊದಲು ನಮ್ಮ ಅಂತರಂಗವನ್ನು ನಾವೇ ಕೇಳಿಕೊಳ್ಳಬೇಕು.

ಸಿವಿಲ್ ನ್ಯಾಯಾಲಯ, ಚೆಕ್, ಠಾಣೆ

ಸಿವಿಲ್ ದಾವೆಗೆ ಕಾಲಮಿತಿ ಕರಾರು ಮುರಿದ ದಿನದಿಂದ ಮೂರು ವರ್ಷ. ಇಲ್ಲಿ ನ್ಯಾಯಾಲಯದ ಶುಲ್ಕ ಹೆಚ್ಚು, ವಕೀಲರೂ ಬೇಕು. ಆದರೆ ವ್ಯಾಪಾರದ ಕಟ್ಟಡಗಳಿಗೆ, ಸಾಕ್ಷಿಗಳನ್ನು ದೀರ್ಘವಾಗಿ ಪಾಟೀಸವಾಲು ಮಾಡಬೇಕಾದ ಪ್ರಕರಣಗಳಿಗೆ ಇದೇ ದಾರಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಗಂಡ ವಿದೇಶದಲ್ಲಿದ್ದು, ಮನೆ ಕಟ್ಟಿಸುವ ಹೊಣೆ ಹೊತ್ತ ಸಹೋದರಿಯರು ಇದನ್ನು ತಿಳಿದಿರಬೇಕು.

ಕಾಂಟ್ರಾಕ್ಟರ್ ಹಣ ಹಿಂದಿರುಗಿಸುತ್ತೇನೆಂದು ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಬೇರೆ ಗಡಿಯಾರ ಶುರುವಾಗುತ್ತದೆ. ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ದಾಖಲಿಸಬೇಕು. 138ನೇ ಕಲಮಿನ ಈ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನು ಠಾಣೆಯ ವಿಷಯ. ವಂಚನೆಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಮಾತು ತಪ್ಪಿದ್ದೆಲ್ಲ ವಂಚನೆಯಲ್ಲ. ಹಣ ಪಡೆಯುವ ಹೊತ್ತಿಗೇ ಮೋಸದ ಉದ್ದೇಶ ಇತ್ತೆಂದು ತೋರಬೇಕು ಎಂದು ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆಮೇಲೆಯೂ ಹಲವು ಸಲ ಹೇಳಿದೆ. ಅರ್ಧ ಮನೆ ಕಟ್ಟಿ, ನಷ್ಟವಾಗಿ ಬಿಟ್ಟು ಹೋದವನ ಮೇಲೆ "ಇದು ಸಿವಿಲ್ ವಿಷಯ" ಎಂದು ಪೊಲೀಸರು ಹೇಳಿದರೆ ಬಹುಪಾಲು ಅವರ ಮಾತು ಸರಿಯೇ ಇರುತ್ತದೆ. ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟಿದ್ದರೆ, ಒಂದು ಇಟ್ಟಿಗೆಯನ್ನೂ ಇಳಿಸದೆ ಅಡ್ವಾನ್ಸ್ ಹೊಡೆದಿದ್ದರೆ, ಅದೇ ರೀತಿ ಹಲವರಿಂದ ಪಡೆದಿದ್ದರೆ ಆಗ ದೂರಿಗೆ ಬಲ ಬರುತ್ತದೆ. ಹಣಕಾಸಿನ ಇಂಥ ದೂರುಗಳಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ದೂರಿನ ಸ್ವೀಕೃತಿ ಪಡೆದು ಬನ್ನಿ. ಠಾಣೆಗೆ ಅಲೆಯುತ್ತಾ ಎರಡು ವರ್ಷದ ಗಡುವನ್ನು ಮಾತ್ರ ಕಳೆದುಕೊಳ್ಳಬೇಡಿ.

ಮಸೀದಿ ಕಮಿಟಿಯ ಮುಂದೆ

ಇಬ್ಬರೂ ನಮ್ಮ ಜಮಾಅತಿನವರಾದರೆ ವಿಷಯ ಕಮಿಟಿಯ ಮುಂದೆ ಬರುವುದು ಸಹಜ. ಸುಲಹ್ ಒಳ್ಳೆಯದೆಂದು ಪವಿತ್ರ ಕುರ್‌ಆನ್ ಕಲಿಸಿದೆ. ಎಷ್ಟೋ ಮನೆಗಳ ಜಗಳ ಹೀಗೆ ಒಂದು ಲೋಟ ಚಹಾದ ಮುಂದೆ ಮುಗಿದಿದೆ. ಆದರೆ ಕಮಿಟಿಗೆ ನ್ಯಾಯಾಲಯದ ಅಧಿಕಾರವಿಲ್ಲ. ನಮ್ಮ ಮುಂದೆ ಕುಳಿತು ಮಾತಾಡಿದರೆ ಕಾಯ್ದೆಯ ಗಡಿಯಾರ ನಿಲ್ಲುವುದೂ ಇಲ್ಲ. ದಿನಾಂಕವಿಲ್ಲದ ರಾಜಿ ದುರ್ಬಲನಿಗೆ ಅನ್ಯಾಯವಾಗಿ ಪರಿಣಮಿಸುತ್ತದೆ.

ಆದ್ದರಿಂದ ನೋಟಿಸಿನ 30 ದಿನಗಳನ್ನೇ ಸುಲಹ್‌ನ ಗಡುವಾಗಿ ಇಟ್ಟುಕೊಳ್ಳೋಣ. ರಾಜಿಯಾದರೆ ಯಾವ ದಿನ ಎಷ್ಟು ಹಣ, ಯಾವ ದಿನದೊಳಗೆ ಯಾವ ಕೆಲಸ ಎಂದು ಬರೆದು ಇಬ್ಬರ ಸಹಿ ಹಾಕಿಸೋಣ. ಆ ರಾಜಿಗೆ ಕಾನೂನಿನ ಬಲ ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್‌ಗೆ ದಾವೆ ಹೂಡುವ ಮೊದಲೇ ಒಯ್ಯಬಹುದು. ಅಲ್ಲಿ ದಾಖಲಾದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಗ್ರಾಹಕ ಆಯೋಗದಲ್ಲೂ ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುವ ವ್ಯವಸ್ಥೆ ಇದೆ.

ಕೂಲಿಯವರನ್ನು ಮರೆಯಬೇಡಿ

ಕಾಂಟ್ರಾಕ್ಟರ್ ಮಾಯವಾದಾಗ ಮನೆಯವರಿಗಿಂತ ಮೊದಲು ಹಸಿಯುವವರು ಅವನ ಕೈಕೆಳಗಿನ ಗಾರೆಯವರು, ಕಂಬಿ ಕಟ್ಟುವವರು. ರಾಯಚೂರು, ಯಾದಗಿರಿ ಕಡೆಯಿಂದ, ಬಂಗಾಳ, ಬಿಹಾರದಿಂದ ಬಂದು ಸೈಟಿನ ಶೆಡ್ಡಿನಲ್ಲೇ ಮಲಗುವವರ ಕೂಲಿ ಉಳಿದಿರುತ್ತದೆ. ಸಿಟ್ಟಿನಲ್ಲಿ ಅವರ ಕರಣೆ, ಗುದ್ದಲಿ ಹಿಡಿದಿಟ್ಟುಕೊಳ್ಳುವುದು ಅನ್ಯಾಯ. ಸೆಂಟ್ರಿಂಗ್ ಶೀಟುಗಳು ಸಾಮಾನ್ಯವಾಗಿ ಬಾಡಿಗೆ ಅಂಗಡಿಯವು. ಪಟ್ಟಿ ಮಾಡಿ, ಸಹಿ ಪಡೆದು, ಯಾರದ್ದೋ ಅವರಿಗೆ ಹಿಂದಿರುಗಿಸಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಗೊತ್ತು. ನಿಮ್ಮ ಕೈಯಲ್ಲಿ ಕಾಂಟ್ರಾಕ್ಟರಿಗೆ ಕೊಡಬೇಕಾದ ಬಾಕಿ ಇದ್ದರೆ, ಅವನಿಗೆ ಸಂದೇಶ ಕಳಿಸಿ ತಿಳಿಸಿ, ಅದರಿಂದ ಕೂಲಿಯವರಿಗೆ ನೇರವಾಗಿ ಕೊಟ್ಟು ಸಹಿ ಪಡೆಯಿರಿ. ಅದನ್ನು ಲೆಕ್ಕದಲ್ಲಿ ತೋರಿಸಿ.

ಇನ್ನು ಕಟ್ಟುವವರಿಗೆ

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಸೂರಃ ಅಲ್ ಬಕರದ 282ನೆಯದು. ಅದರ ವಿಷಯ ಸಾಲದ ವ್ಯವಹಾರ. ಬರೆದಿಡಿ, ಸಾಕ್ಷಿಗಳನ್ನಿಡಿ, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬೇಡಿ ಎಂಬುದು ಅದರ ಸಾರ. ಹಾಗಿದ್ದೂ "ನಮ್ಮವನೇ ತಾನೇ, ಕಾಗದ ಯಾಕೆ" ಎಂದು ಮುಂಗಡ ಎಣಿಸಿಕೊಡುತ್ತೇವೆ. ಬರೆಯಿಸುವುದು ಅಪನಂಬಿಕೆಯಲ್ಲ. ಅದು ಇಬ್ಬರ ಸ್ನೇಹಕ್ಕೂ ಕಾವಲು.

ಕಾಂಟ್ರಾಕ್ಟರನ ಪೂರ್ಣ ಹೆಸರು, ಖಾಯಂ ವಿಳಾಸ, ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ವಿಳಾಸವಿಲ್ಲದವನಿಗೆ ನೋಟಿಸ್ ಕಳಿಸುವುದು ಹೇಗೆ? ಒಪ್ಪಂದದಲ್ಲಿ ಕೆಲಸದ ವಿವರ, ಸಿಮೆಂಟ್, ಕಂಬಿಯ ಬ್ರ್ಯಾಂಡ್, ಮುಗಿಸುವ ದಿನಾಂಕ, ತಡವಾದರೆ ಏನು ಎಂಬುದಿರಲಿ. ಹಣವನ್ನು ದಿನಾಂಕಕ್ಕಲ್ಲ, ಹಂತಕ್ಕೆ ಕಟ್ಟಿಹಾಕಿ. ತಳಪಾಯ ಮುಗಿದ ಮೇಲೆ ಇಷ್ಟು, ಮೋಲ್ಡ್ ಮುಗಿದ ಮೇಲೆ ಇಷ್ಟು. ಕೊಟ್ಟ ಹಣ ಆದ ಕೆಲಸಕ್ಕಿಂತ ಎಂದೂ ಬಹಳ ಮುಂದೆ ಓಡದಿರಲಿ. ಕೊನೆಯ ಒಂದು ಪಾಲನ್ನು ಕೀಲಿಕೈ ಸಿಕ್ಕ ಮೇಲೆಯೇ ಕೊಡಿ. ನಗದು ಕೊಡಲೇಬೇಕಾಗಿ ಬಂದರೆ ಅಂದೇ "ಇಂದು ಕೊಟ್ಟ ಇಷ್ಟು ಹಣ ತಲುಪಿತೇ?" ಎಂದು ಸಂದೇಶ ಹಾಕಿ ಉತ್ತರ ಪಡೆಯಿರಿ.

ನಮ್ಮ ಜಮಾಅತಿನಲ್ಲಿ ಕಾಂಟ್ರಾಕ್ಟರುಗಳೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ಮಾತಿಗೆ ನಿಲ್ಲುವವರು. ಅವರಿಗೆ ಒಂದು ಮಾತು. ಒಂದು ಮನೆಯ ಹಣವನ್ನು ಇನ್ನೊಂದು ಮನೆಯ ತಳಪಾಯಕ್ಕೆ ಸುರಿಯುವಲ್ಲಿ ಈ ಕಷ್ಟ ಶುರುವಾಗುತ್ತದೆ. ಕೈ ಕಟ್ಟಿದಾಗ ಫೋನ್ ಆಫ್ ಮಾಡಬೇಡಿ. ಮನೆಯವರ ಮುಂದೆ ಕುಳಿತು ಲೆಕ್ಕ ತೋರಿಸಿ, ಸಮಯ ಕೇಳಿ. ಹಣ ಹೋದುದಕ್ಕಿಂತ ಉತ್ತರ ಸಿಗದಿರುವುದು ಜನರನ್ನು ಹೆಚ್ಚು ನೋಯಿಸುತ್ತದೆ.

ಕೆಲಸ ನಿಂತ ಮನೆ ಇರುವವರು ಈ ಸಂಚಿಕೆ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಸೈಟಿನಲ್ಲಿ ಕೊನೆಯದಾಗಿ ಕೆಲಸ ನಡೆದ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು, ಅದಕ್ಕೆ ಎರಡು ವರ್ಷ ಕೂಡಿಸಿ ಗೋಡೆಗೆ ಅಂಟಿಸಿ. ದೂರು ಬರೆಯಲು ತೊಡಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಮ್ಮ ಮದ್ರಸದಲ್ಲಿ ಓದು ಬಲ್ಲ ಹುಡುಗರಿದ್ದಾರೆ, ಕಾಗದ ಜೋಡಿಸಿಕೊಡಲು ಅವರೂ ಕೂರುತ್ತಾರೆ. ಅಲ್ಲಾಹನು ನಮ್ಮೆಲ್ಲರನ್ನೂ ಕರಾರು ಪಾಲಿಸುವವರ ಸಾಲಿನಲ್ಲಿ ಸೇರಿಸಲಿ, ಅರ್ಧಕ್ಕೆ ನಿಂತ ಪ್ರತಿ ಮನೆಯ ಮೇಲೂ ಬೇಗ ಸೂರು ನಿಲ್ಲುವಂತೆ ಮಾಡಲಿ. ಆಮೀನ್.